ಮುಂದಿನ ಗಾಡಿಯ ಕೆಂಪು ದೀಪ

ದೇಜಪ್ಪನವರ ಕಾರಿನಲ್ಲಿ ಆಫೀಸಿಗೆ ಹೋಗುವಾಗ ನನಗೆ ದಿನಾ ಬೆಳಿಗ್ಗೆ ಪಿತ್ತ ನೆತ್ತಿಗೇರುತ್ತಿತ್ತು. ಮುಂದಿನ ಗಾಡಿಗೂ ನಮ್ಮ ಗಾಡಿಗೂ ನಡುವೆ ಅವರು ಒಂದು ಬಸ್ಸಿನಷ್ಟು ಜಾಗ ಬಿಡುತ್ತಿದ್ದರು. ಮಸ್ಕತ್ತಿನ ರೂವಿಯ ಸಿಗ್ನಲ್ಲಿನಲ್ಲಿ ಎಲ್ಲರೂ ಬಂಪರಿಗೆ ಬಂಪರು ತಾಗಿಸಿ ನಿಂತಿರುವಾಗಲೂ ಇವರದು ಅದೇ ಲೆಕ್ಕ. ಆ ಜಾಗಕ್ಕೆ ಒಬ್ಬ ಟ್ಯಾಕ್ಸಿಯವನು ನುಗ್ಗುತ್ತಿದ್ದ. ದೇಜಪ್ಪ ಬ್ರೇಕು ಒತ್ತಿ ಅವನ ಹಿಂದೆ ಮತ್ತೊಂದು ಬಸ್ಸಿನಷ್ಟು ಜಾಗ ಬಿಡುತ್ತಿದ್ದರು. ಅಲ್ಲಿಗೆ ಇನ್ನೊಬ್ಬ ನುಗ್ಗುತ್ತಿದ್ದ. ಹೀಗೆ ಊರಿನವರೆಲ್ಲ ನಮ್ಮನ್ನು ದಾಟಿ ಹೋದ ಮೇಲೆ ನಾವು ಆಫೀಸು ಮುಟ್ಟುತ್ತಿದ್ದೆವು.

"ದೇಜಪ್ಪಣ್ಣ, ಸ್ವಲ್ಪ ಮುಂದೆ ಹೋಗಿ ಮಾರಾಯ್ರೆ. ನಾವೆಂತ ದಿಬ್ಬಣ ಹೋಗುದಾ?" ಅನ್ನುತ್ತಿದ್ದೆ.

"ಹೋಗುವಾ," ಅನ್ನುತ್ತಿದ್ದರು. ಹೋಗುತ್ತಿರಲಿಲ್ಲ.

ನಾನು ವಿಮೆ ಕಂಪೆನಿಯೊಂದರಲ್ಲಿ ಗುಮಾಸ್ತ, ಅವರು ಅದೇ ಆಫೀಸಿನ ಡ್ರೈವರು. ದಾರ್ಸೈಟಿನ ಒಂದೇ ಕಟ್ಟಡದಲ್ಲಿ ನನ್ನದು ಎರಡನೆಯ ಮಹಡಿ, ಅವರದು ಮೂರನೆಯದು. ನಾನು ಮಸ್ಕತ್ತಿಗೆ ಬಂದದ್ದು ತೊಂಬತ್ತರಲ್ಲಿ. ಅಷ್ಟರಲ್ಲಿ ಅವರು ಹಾಗಾಗಿ ಮೂರು ವರ್ಷವಾಗಿತ್ತು. ಹಾಗಾಗಿ ಎಂದರೆ ಹೇಗಾಗಿ ಎಂದು ಹೇಳುವುದು ಸ್ವಲ್ಪ ಕಷ್ಟ. ಕೆಟ್ಟ ಮಾತಿಲ್ಲ, ಕುಡಿತವಿಲ್ಲ, ಯಾರೊಡನೆಯೂ ಜಗಳವಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಕರೆದಲ್ಲಿಗೆ ಬರುತ್ತಿದ್ದರು. ಅವರ ಹೆಂಡತಿ ಲೋಲಾಕ್ಷಿಯಕ್ಕ ಒಮ್ಮೆ ಹುರುಳಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದರಂತೆ. ತಾವು ಊಟಕ್ಕೆ ಕೂತಾಗಲೇ ಗೊತ್ತಾದದ್ದು. ಅಷ್ಟರಲ್ಲಿ ಗಂಡ ಎರಡು ಸಲ ಬಡಿಸಿಕೊಂಡು ಉಂಡು, ಕೈತೊಳೆದು ಎದ್ದಾಗಿತ್ತು.

"ಬೈದಾದರೂ ಬೈಬಾರದಾ?" ಎಂದು ಲೋಲಾಕ್ಷಿಯಕ್ಕ ನನ್ನ ಹೆಂಡತಿಯ ಹತ್ತಿರ ಕಣ್ಣೀರು ಹಾಕಿದ್ದರು. "ಮೊದಲು ಒಂದು ಚೂರು ಹುಳಿ ಹೆಚ್ಚಾದರೆ ತಟ್ಟೆ ದೂಡ್ತಿದ್ದರು. ಆ ಸಿಟ್ಟಾದರೂ ವಾಪಸು ಬರಲಿ."

ಬೈಗುಳ ಬೇಕೆಂದು ಅತ್ತ ಹೆಂಗಸನ್ನು ನಾನು ನೋಡಿದ್ದು ಅದೊಂದೇ ಸಲ.

ನನಗೆ ಸಂಗತಿ ತಿಳಿದದ್ದು ಹಾಜಬ್ಬನಿಂದ. ಹಾಜಬ್ಬ ಉಳ್ಳಾಲದ ಕಡೆಯ ಬ್ಯಾರಿ, ವಾದಿ ಅದಾಯ್‌ನಲ್ಲಿ ವರ್ಕ್‌ಶಾಪುಗಳ ನಡುವೆ ಚಹಾದಂಗಡಿ ಇಟ್ಟಿದ್ದ. ಅದಕ್ಕೂ ಮೊದಲು ದೇಜಪ್ಪನವರ ಜೊತೆ ಮರುಭೂಮಿಯಲ್ಲಿ ಗಾಡಿ ಓಡಿಸಿದವನು. ಒಂದು ದಿನ ಅವನ ಅಂಗಡಿಯಲ್ಲಿ ಕೂತು ನಮ್ಮ ದೇಜಪ್ಪನವರ ಡ್ರೈವಿಂಗನ್ನು ಗೇಲಿ ಮಾಡುತ್ತಿದ್ದೆ. ಹಾಜಬ್ಬ ನನ್ನ ಮುಂದಿನ ಲೋಟ ಎತ್ತಿಕೊಂಡ. ಚಹಾ ಇನ್ನೂ ಅರ್ಧ ಇತ್ತು.

"ಆ ಮನುಷ್ಯನನ್ನು ನನ್ನ ಅಂಗಡಿಯಲ್ಲಿ ಕೂತು ನಗಾಡಬೇಡಿ," ಅಂದ. ಆಮೇಲೆ ತಾನೇ ಬೇರೆ ಚಹಾ ತಂದಿಟ್ಟು, ಎದುರಿಗೆ ಕೂತು ಹೇಳಿದ.

ನೆಲದಡಿಯಲ್ಲಿ ಎಣ್ಣೆ ಇದೆಯೇ ಎಂದು ಹುಡುಕುವ ಕಂಪೆನಿಯೊಂದರ ಕ್ಯಾಂಪು. ಎಂಬತ್ತನಾಲ್ಕರ ಸುಮಾರಿಗೆ ಹೈಮಾ ಎಂಬ ಊರಿನಿಂದಾಚೆಯ ಮರುಭೂಮಿಯ ಬಯಲಿನಲ್ಲಿ ಇತ್ತು. ಒಂದು ಗಿಡ ಕಾಣಬೇಕಾದರೆ ಅರ್ಧ ದಿನ ಗಾಡಿ ಓಡಿಸಬೇಕಾದ ಜಾಗ. ಅಲ್ಲಿ ನಾಲ್ಕು ದೈತ್ಯ ಗಾಡಿಗಳು. ಒಂದೊಂದರ ಹೊಟ್ಟೆಯ ಕೆಳಗೂ ಒಂದು ಉಕ್ಕಿನ ಹಲಗೆ. ಡ್ರೈವರರು ಅದನ್ನು ಪ್ಲೇಟು ಅನ್ನುತ್ತಿದ್ದರು. ಹೇಳಿದ ಜಾಗದಲ್ಲಿ ಗಾಡಿ ನಿಲ್ಲಿಸಿ ಪ್ಲೇಟು ಇಳಿಸಿದರೆ ಗಾಡಿಯ ಭಾರವೆಲ್ಲ ಅದರ ಮೇಲೆ ಕೂರುತ್ತಿತ್ತು. ದೂರದ ವ್ಯಾನಿನಲ್ಲಿ ಕೂತ ಎಂಜಿನಿಯರು ರೇಡಿಯೊದಲ್ಲಿ ಸಂಕೇತ ಕೊಟ್ಟ ಕ್ಷಣ ನಾಲ್ಕೂ ಯಂತ್ರಗಳು ತಾವಾಗಿಯೇ ಒಟ್ಟಿಗೆ ನೆಲವನ್ನು ನಡುಗಿಸುತ್ತಿದ್ದವು. ನೆಲದಾಳದಿಂದ ಬರುವ ಮಾರ್ದನಿಯನ್ನು ವ್ಯಾನು ದಾಖಲು ಮಾಡಿಕೊಳ್ಳುತ್ತಿತ್ತು. ಮತ್ತೆ ಪ್ಲೇಟು ಎತ್ತುವುದು, ಸ್ವಲ್ಪ ಮುಂದೆ ಹೋಗುವುದು, ಇಳಿಸುವುದು. ನಾಲ್ಕೂ ಗಾಡಿಗಳು ಒಂದರ ಹಿಂದೆ ಒಂದು, ನಡುವೆ ಒಂದೇ ಅಂತರದಲ್ಲಿ ಇರಬೇಕು. ಅಂತರ ತಪ್ಪಿದರೆ ದಿನದ ಕೆಲಸವೆಲ್ಲ ನೀರಿನಲ್ಲಿ ಹೋಮ. ನಡುಗಿಸುವುದು, ನಿಲ್ಲಿಸುವುದು ಎಲ್ಲ ರೇಡಿಯೊ ಮತ್ತು ಯಂತ್ರ. ಡ್ರೈವರರು ಇದ್ದದ್ದು ಆ ಯಂತ್ರಗಳಿಗೆ ಕಣ್ಣಾಗಿ ಅಷ್ಟೆ.

ತೊಂದರೆ ಕೊಡುತ್ತಿದ್ದದ್ದು ರೇಡಿಯೊ. ಗಾಳಿ ಎದ್ದು ಧೂಳು ಮುಸುಕಿದರೆ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಅನ್ನುತ್ತಿತ್ತು, ಆಮೇಲೆ ಅದೂ ಇಲ್ಲ. ಆಗ ಒಬ್ಬ ಹೋಗುತ್ತಿದ್ದ, ಒಬ್ಬ ನಿಲ್ಲುತ್ತಿದ್ದ, ಒಬ್ಬ ಇನ್ನೊಬ್ಬನ ಹಿಂಭಾಗಕ್ಕೆ ಗುದ್ದುತ್ತಿದ್ದ. ಸಾಲು ಚೆಲ್ಲಾಪಿಲ್ಲಿ. ಒಮ್ಮೆ ಧೂಳಿನಲ್ಲಿ ಮೂತ್ರಕ್ಕೆಂದು ಇಳಿದ ಒಬ್ಬ ಕೂಲಿಯವ ತನ್ನ ಗಾಡಿಯನ್ನೇ ಕಾಣದೆ ನಡೆದು ಹೋದ. ಸಿಕ್ಕಿದ್ದು ಹೆಣ. ಅಂದಿನಿಂದ ಧೂಳಿನಲ್ಲಿ ಯಾರೂ ಗಾಡಿಯಿಂದ ಇಳಿಯಕೂಡದು ಎಂದು ಕ್ಯಾಂಪಿನ ಸಾಹೇಬ ಕಟ್ಟಪ್ಪಣೆ ಮಾಡಿದ. ಇಳಿದವನಿಗೆ ಖಲಾಸ್, ಮರುದಿನವೇ ವಿಮಾನ.

ದೀಪದ ಉಪಾಯ ದೇಜಪ್ಪನವರದು. ಪ್ರತಿ ಗಾಡಿಯ ಹಿಂದೆ ಒಂದು ದೊಡ್ಡ ಕೆಂಪು ದೀಪ. ಪ್ಲೇಟು ಕೆಳಗಿರುವಷ್ಟು ಹೊತ್ತು ಅದು ಉರಿಯುತ್ತದೆ, ಪ್ಲೇಟು ಎತ್ತಿದರೆ ಆರುತ್ತದೆ. ಮೆಕ್ಯಾನಿಕ್ಕು ವಯರು ಎಳೆದುಕೊಟ್ಟ. ರೇಡಿಯೊ ಸತ್ತರೆ ಯಾರೂ ಸ್ವಂತ ಬುದ್ಧಿ ಓಡಿಸುವುದು ಬೇಡ. ಮುಂದಿನ ಗಾಡಿಯ ದೀಪ ಮಾತ್ರ ನೋಡುವುದು. ಉರಿಯುತ್ತಿದ್ದರೆ ನೀನೂ ಪ್ಲೇಟು ಇಳಿಸಿ ಕೂರು. ಆರಿದರೆ ನೀನೂ ಎತ್ತು, ಮುಂದೆ ಹೋಗು, ಹೊತ್ತಿದಾಗ ನಿಲ್ಲು. ಮೊದಲ ಗಾಡಿ ಮಾಡಿದ್ದನ್ನು ಎರಡನೆಯದು ಮಾಡುತ್ತದೆ, ಎರಡನೆಯದು ಮಾಡಿದ್ದನ್ನು ಮೂರನೆಯದು. ಇಷ್ಟು ಸುಲಭ. ಮೂರು ವರ್ಷ ಸಾಲು ಒಮ್ಮೆಯೂ ಕೆಡಲಿಲ್ಲ. ಬೇರೆ ಕ್ಯಾಂಪುಗಳಿಂದ ಬಂದು ನೋಡಿಕೊಂಡು ಹೋದರು.

ಮೊದಲ ಗಾಡಿಯಲ್ಲಿ ಇದ್ದವರು ಗುರುವ, ದೇಜಪ್ಪನವರ ತಂಗಿ ವಸಂತಿಯ ಗಂಡ. ಎರಡನೆಯದರಲ್ಲಿ ದೇಜಪ್ಪ. ಮೂರನೆಯದು ಹಾಜಬ್ಬ, ಕೊನೆಯದು ಒಬ್ಬ ಬಲೂಚಿ. ಗುರುವರನ್ನು, ವೀಸಾ ಕೊಡುವ ಕಫೀಲನ ಕೈಕಾಲು ಹಿಡಿದು ಊರಿನಿಂದ ಕರೆಸಿದ್ದೇ ದೇಜಪ್ಪ. ಅವರದು ಅಳಿಯಸಂತಾನದ ಮನೆ, ತಂಗಿಯ ಸಂಸಾರವೆಂದರೆ ತನ್ನದಕ್ಕಿಂತ ಒಂದು ತೂಕ ಹೆಚ್ಚು. ಭಾವ ಮೈದುನರಿಬ್ಬರೂ ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು "ಬಾವ" ಎಂದೇ. ಗುರುವ ನಗುಮುಖದವರು. ರೇಡಿಯೊ ಚಟಪಟ ಅನ್ನತೊಡಗಿದರೆ, "ಇನ್ನು ನಮ್ಮ ಬಾವನ ದೀಪವೇ ಗತಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರಂತೆ.

ಎಂಬತ್ತೇಳರ ಜುಲೈ. ದಕ್ಷಿಣದ ಸಲಾಲಾದಲ್ಲಿ ಜಿಟಿಜಿಟಿ ಮಳೆ ಬೀಳುವ ತಿಂಗಳು. ಬಯಲಿನಲ್ಲಿ ಬರೀ ಗಾಳಿ. ಬೆಳಿಗ್ಗೆ ಹೊರಡುವಾಗಲೇ ಗುರುವ, ನನ್ನ ಗಾಡಿಯ ಏಸಿ ಸರಿ ಇಲ್ಲ, ಬಿಸಿಗಾಳಿ ಉಗುಳುತ್ತದೆ ಎಂದಿದ್ದರು. ಮೆಕ್ಯಾನಿಕ್ಕು ನಾಳೆ ನೋಡುವಾ ಎಂದಿದ್ದ. ಮಧ್ಯಾಹ್ನದ ಹೊತ್ತಿಗೆ ಧೂಳು ಎದ್ದಿತು. ಪ್ಲೇಟು ಇಳಿಸಿ ಕಾಯಿರಿ ಎಂಬ ಮಾತು ರೇಡಿಯೊದಲ್ಲಿ ಬಂತು. ಆಮೇಲೆ ರೇಡಿಯೊ ಸತ್ತಿತು.

ನಾಲ್ವರೂ ಪ್ಲೇಟು ಇಳಿಸಿ ಕೂತರು. ಗಾಜಿನಾಚೆ ಎಲ್ಲ ಕಂದು ಬಣ್ಣ. ಮುಂದಿನ ಗಾಡಿ ಕಾಣುತ್ತಿರಲಿಲ್ಲ, ಅದರ ಕೆಂಪು ಮಾತ್ರ ಕಾಣುತ್ತಿತ್ತು. ದೇಜಪ್ಪನವರ ಗಾಡಿಯ ಏಸಿ ಚೆನ್ನಾಗಿತ್ತು. ಬುತ್ತಿ ಬಿಚ್ಚಿ ಉಂಡರು.

ಉಂಡು ಸ್ವಲ್ಪ ಹೊತ್ತಾಗಿತ್ತು. ಮುಂದಿನ ಕೆಂಪು ಆರಿತು. ದೇಜಪ್ಪ ಪ್ಲೇಟು ಎತ್ತಿ ಗೇರಿಗೆ ಕೈ ಹಾಕಿದರು. ಗಾಡಿ ಕದಲುವ ಮೊದಲೇ ಕೆಂಪು ಮತ್ತೆ ಹೊತ್ತಿತು. ಅವರು ಪ್ಲೇಟು ಇಳಿಸಿದರು. ಅವರ ಹಿಂದೆ ಹಾಜಬ್ಬ ಎತ್ತಿ ಇಳಿಸಿದ, ಹಾಜಬ್ಬನ ಹಿಂದೆ ಬಲೂಚಿ ಎತ್ತಿ ಇಳಿಸಿದ. ಇನ್ನೂ ಒಮ್ಮೆ ಹಾಗೇ ಆಯಿತು. ಮುಂದಿನವನು ಮಾಡಿದ್ದನ್ನು ಹಿಂದಿನವರು ಚಾಚೂ ತಪ್ಪದೆ ಮಾಡಿದರು.

"ಎತ್ತಿ ಇಳಿಸಿದ್ದು ಎಂತಕ್ಕೆ ಅಂತ ನನಗೆ ಅನ್ನಿಸ್ಲೇ ಇಲ್ಲ," ಅಂದ ಹಾಜಬ್ಬ. "ದೇಜಪ್ಪಣ್ಣ ಮಾಡಿದರು, ನಾನು ಮಾಡಿದೆ. ನಮ್ಮ ಅಭ್ಯಾಸವೇ ಹಾಗಲ್ವಾ? ಆ ದೀಪಕ್ಕೆ ಗೊತ್ತಿದ್ದದ್ದು ಎರಡೇ ಮಾತು. ನಿಲ್ಲು, ಹೊರಡು. 'ಬಾ' ಅಂತ ಹೇಳ್ಲಿಕ್ಕೆ ನಾವು ಅದಕ್ಕೆ ಕಲಿಸಿರ್ಲಿಲ್ಲ."

ಎರಡನೆಯ ಸಲದ ಮೇಲೆ ದೀಪ ಆರಲಿಲ್ಲ. ಸಂಜೆಯವರೆಗೂ ಒಂದೇ ಸಮನೆ ಉರಿಯಿತು. ದೇಜಪ್ಪ ಅದನ್ನು ನೋಡುತ್ತ ಕೂತರು. ದೀಪ ಉರಿಯುತ್ತಿದೆ, ಬಾವ ಇದ್ದಾರೆ. ತಮ್ಮ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ ಎಂದು ಆ ರಾತ್ರಿ ಹಾಜಬ್ಬನಿಗೆ ಹೇಳಿದರಂತೆ.

ಗಾಳಿ ಇಳಿದ ಮೇಲೆ ಕ್ಯಾಂಪಿನ ಪಿಕಪ್ಪು ಬಂತು. ಗುರುವ ತಮ್ಮ ಗಾಡಿಯ ಎಡಗಡೆ, ಮುಂದಿನ ಚಕ್ರದ ಬಳಿ ಬಿದ್ದಿದ್ದರು. ಬಾಗಿಲು ತೆರೆದೇ ಇತ್ತು. ಇಂಜಿನು ಓಡುತ್ತಲೇ ಇತ್ತು, ಹಿಂದೆ ಕೆಂಪು ದೀಪ ಉರಿಯುತ್ತಲೇ ಇತ್ತು. ಏಸಿ ಪೂರ್ತಿ ನಿಂತಿತ್ತಂತೆ, ಮುಚ್ಚಿದ ಗಾಡಿಯೊಳಗೆ ಸೆಖೆ ತಲೆಗೇರಿತ್ತು. ಮೊದಲ ಒಂದೆರಡು ಗಂಟೆಯೊಳಗೆ ಯಾರಾದರೂ ತಣ್ಣಗಿನ ಗಾಡಿಗೆ ಎತ್ತಿ ಹಾಕಿದ್ದರೆ ಬದುಕುತ್ತಿದ್ದ ಎಂದು ಕ್ಯಾಂಪಿನ ಕಾಂಪೌಂಡರು ಹಿಂದಿಯಲ್ಲಿ ಹೇಳಿದ. ದೇಜಪ್ಪ ಅಲ್ಲೇ ನಿಂತಿದ್ದರು.

ಮರುದಿನ ಸಾಹೇಬ ಬಂದು ಟೇಪು ಹಿಡಿದು ಗಾಡಿಗಳ ನಡುವಿನ ಅಂತರ ಅಳೆಸಿದ. ಒಂದು ಗೇಣೂ ಆಚೀಚೆ ಆಗಿರಲಿಲ್ಲ. ರೇಡಿಯೊ ಇಲ್ಲದೆ, ಮೊದಲ ಗಾಡಿಯಲ್ಲಿ ಮನುಷ್ಯನೇ ಇಲ್ಲದೆ, ಅಂಥ ಧೂಳಿನಲ್ಲಿ ಸಾಲು ಹಾಗೇ ನಿಂತಿತ್ತು. ಸಾಹೇಬನಿಗೆ ಹೆಮ್ಮೆಯಾಯಿತು. ದೇಜಪ್ಪನವರ ಬೆನ್ನು ತಟ್ಟಿದ. ಈ ಮಾತು ಕೇಳಿದಾಗ ನನಗೆ ಆ ಸಾಹೇಬನ ಕೈ ಮುರಿಯಬೇಕು ಅನ್ನಿಸಿತು. ಈಗಲೂ ಅನ್ನಿಸುತ್ತದೆ. ದೇಜಪ್ಪ ಮಾತ್ರ ಥ್ಯಾಂಕ್ಯೂ ಸರ್ ಅಂದರಂತೆ.

ಹೆಣದ ಜೊತೆ ಊರಿಗೆ ಹೋಗಬೇಕಾದವರು ದೇಜಪ್ಪ. ಹೋಗಲಿಲ್ಲ. "ಹಾಜಬ್ಬ ಹೋಗಲಿ," ಅಂದರು. ಭಾವನ ಹೆಣಕ್ಕೆ ಹೆಗಲು ಕೊಡದವನೆಂದು ಊರಿನಲ್ಲಿ ಜನ ಆಡಿಕೊಂಡರು. ಹಾಜಬ್ಬ ಹೋದ. ಅಂಗಳದಲ್ಲಿ ವಸಂತಿ ಅವನ ಎದುರು ಬಂದು, "ನಮ್ಮ ಅಣ್ಣ ಎಲ್ಲಿದ್ದ?" ಎಂದು ಒಂದೇ ಮಾತು ಕೇಳಿದರಂತೆ.

"ತುಂಬ ದೂರ ಇದ್ದರು ಅಂದುಬಿಟ್ಟೆ," ಅಂದ ಹಾಜಬ್ಬ. "ಗಾಳಿ ಇತ್ತು, ಹೋಗ್ಲಿಕ್ಕೆ ಆಗ್ಲಿಲ್ಲ ಅಂದೆ. ಆ ಹೆಂಗಸಿನ ಮುಖ ನೋಡಿ ಬೇರೆ ಎಂತ ಹೇಳುದು ನೀವೇ ಹೇಳಿ."

ವಾಪಸು ಬಂದು ಇದನ್ನು ದೇಜಪ್ಪನವರಿಗೂ ತಿಳಿಸಿದ. ಅವರು ಹೂಂ ಅಂದರು. ತಂಗಿಗೆ ಅಣ್ಣನ ಮೇಲೆ ನಂಬಿಕೆ ಉಳಿದದ್ದು ಆ ಒಂದು ಸುಳ್ಳಿನ ಮೇಲೆ. ಹಾಜಬ್ಬನಿಗೂ ಅದು ಗೊತ್ತು, ದೇಜಪ್ಪನವರಿಗೂ ಗೊತ್ತು. ಅಂದಿನಿಂದ ನನಗೂ ಗೊತ್ತಾಯಿತು.

ಗುರುವರ ಜಾಗಕ್ಕೆ ಕಂಪೆನಿ ದೇಜಪ್ಪನವರನ್ನೇ ಹಾಕಿತ್ತು. ಮೊದಲ ಗಾಡಿ, ಸಾಲಿನ ತಲೆ. ಅವರು ಹತ್ತಿ ಕೂತರು. ರೇಡಿಯೊದಲ್ಲಿ ಹೊರಡು ಎಂದರೂ ಹೊರಡಲಿಲ್ಲ. ಎರಡು ಸಲ ಹೇಳಿದರು, ಮೂರು ಸಲ ಹೇಳಿದರು. ಹಾಜಬ್ಬ ಇಳಿದು ಹೋಗಿ ನೋಡಿದರೆ ಮುಂದಿನ ಖಾಲಿ ಬಯಲನ್ನು ನೋಡುತ್ತ ಕೂತಿದ್ದರಂತೆ. ನೋಡಲು ಮುಂದೆ ದೀಪವೇ ಇರಲಿಲ್ಲವಲ್ಲ. ಆ ತಿಂಗಳೇ ಕೆಲಸ ಬಿಟ್ಟು ಮಸ್ಕತ್ತಿಗೆ ಬಂದರು, ಲೋಲಾಕ್ಷಿಯಕ್ಕನನ್ನು ಕರೆಸಿಕೊಂಡರು, ನಮ್ಮ ಆಫೀಸಿಗೆ ಸೇರಿದರು. ಆಮೇಲಿನದು ನಾನು ನೋಡಿದ ದೇಜಪ್ಪ.

ಹಾಜಬ್ಬ ಹೇಳಿದ ಮೇಲೆ ನಾನು ಕಾರಿನಲ್ಲಿ ಬಾಯಿ ಬಿಡುವುದನ್ನು ನಿಲ್ಲಿಸಿದೆ. ತಡವಾಗಿ ಹೋಗಿ ಮ್ಯಾನೇಜರನ ಬಾಯಿಗೆ ಬೀಳುವುದನ್ನೂ ರೂಢಿ ಮಾಡಿಕೊಂಡೆ.

ತೊಂಬತ್ತೈದರಲ್ಲಿ ವಸಂತಿ ಮಸ್ಕತ್ತಿಗೆ ಬಂದರು. ಮಗಳು ಮೋಹಿನಿಯನ್ನು ವಾದಿ ಅದಾಯ್‌ನ ಶೋರೂಮೊಂದರಲ್ಲಿ ಕೆಲಸಕ್ಕಿದ್ದ ಹುಡುಗನಿಗೆ ಕೊಟ್ಟಿದ್ದರು. ಬಸುರಿ ವಿಮಾನ ಹತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ ಬಾಣಂತನಕ್ಕೆ ತಾಯಿಯೇ ಇಲ್ಲಿಗೆ ಬರಬೇಕಾಯಿತು. ಎಂಟು ವರ್ಷದ ಮೇಲೆ ಅಣ್ಣ ತಂಗಿ ಎದುರಾದದ್ದು. ನಡುವೆ ದೇಜಪ್ಪ ಊರಿಗೆ ಹೋಗಿದ್ದೇ ಇಲ್ಲ. ತಂಗಿಯ ಮನೆಗೆ ಕಳಿಸುವುದನ್ನು ತಿಂಗಳು ತಪ್ಪದೆ ಕಳಿಸುತ್ತಿದ್ದರು, ತಾವು ಹೋಗುತ್ತಿರಲಿಲ್ಲ.

ಮಗುವಿನ ಹೆಸರಿಡುವ ದಿನ ನಾವೂ ಹೋಗಿದ್ದೆವು. ಊಟದ ಹೊತ್ತಿಗೆ ನೆರೆಯ ಹೆಂಗಸೊಬ್ಬಳು ವಸಂತಿಯವರ ಹತ್ತಿರ ಯಜಮಾನರ ವಿಷಯ ಕೇಳಿದಳು. ವಸಂತಿ ಅಳುವ ಹೆಂಗಸಲ್ಲ. ಅನ್ನ ಬಡಿಸುತ್ತಲೇ ಹೇಳಿದರು.

"ಧೂಳಿನಲ್ಲಿ ಒಬ್ಬರೇ ಸಿಕ್ಕಿಬಿದ್ದರಂತೆ. ಅಣ್ಣ ಎಲ್ಲೋ ದೂರ ಇದ್ದ. ಹತ್ತಿರ ಇದ್ದಿದ್ದರೆ ಅಣ್ಣ ಬಿಡ್ತಿದ್ದನಾ?"

ನಾನು ತಟ್ಟೆ ನೋಡಿದೆ. ಲೋಲಾಕ್ಷಿಯಕ್ಕ ನೀರು ತರುವ ನೆಪದಲ್ಲಿ ಒಳಗೆ ಹೋದರು. ದೇಜಪ್ಪ ಅನ್ನಕ್ಕೆ ಸಾರು ಹಾಕಿಸಿಕೊಂಡು ಕಲಸಿ ಉಣ್ಣುತ್ತಿದ್ದರು. ಒಂದು ತುತ್ತು, ಇನ್ನೊಂದು ತುತ್ತು. ಆ ಮುಖದಲ್ಲಿ ಏನಾದರೂ ಅಲ್ಲಾಡೀತೇ ಎಂದು ನಾನು ಕದ್ದು ನೋಡಿದೆ. ಏನೂ ಇರಲಿಲ್ಲ.

ಬಾಣಂತನ ಮುಗಿಸಿ ವಸಂತಿ ಊರಿಗೆ ಹೊರಟ ವಿಮಾನದಲ್ಲೇ ನನ್ನ ರಜೆಯ ಪ್ರಯಾಣವೂ ಇತ್ತು. ಮುಂದೆ ವಸಂತಿಯ ಅಳಿಯನ ಕಾರಿನಲ್ಲಿ ಅಳಿಯ, ಮೋಹಿನಿ, ಮಗು ಮತ್ತು ಪೆಟ್ಟಿಗೆಗಳು. ಹಿಂದೆ ದೇಜಪ್ಪನವರ ಕಾರು. ನಾನು ಮುಂದಿನ ಸೀಟಿನಲ್ಲಿ, ವಸಂತಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ. ವಿಮಾನ ನಿಲ್ದಾಣವಿರುವ ಸೀಬ್ ಕಡೆಗೆ ಹೋಗುವ ದೊಡ್ಡ ರಸ್ತೆ. ಮಧ್ಯಾಹ್ನದ ಬಿಸಿಲು, ಗಾಳಿಯಿಲ್ಲ, ಧೂಳಿಲ್ಲ. ನಡುವೆ ಒಂದು ಬಸ್ಸಿನಷ್ಟು ಜಾಗ ಇತ್ತೆಂದು ಬೇರೆ ಹೇಳಬೇಕಾಗಿಲ್ಲ.

ಅರ್ಧ ದಾರಿಯಲ್ಲಿ ಅಳಿಯ ಕಾರನ್ನು ಬದಿಗೆ ತೆಗೆದು ನಿಲ್ಲಿಸಿದ. ದೇಜಪ್ಪ ಅಷ್ಟೇ ದೂರ ಬಿಟ್ಟು ಹಿಂದೆ ನಿಲ್ಲಿಸಿದರು. ಅಳಿಯ ಬ್ರೇಕಿನ ಮೇಲಿಂದ ಕಾಲು ತೆಗೆದಿರಲಿಲ್ಲ, ಹಿಂದಿನ ಕೆಂಪು ಉರಿಯುತ್ತಿತ್ತು. ಮೋಹಿನಿ ಹಿಂದಿನ ಸೀಟಿನಲ್ಲಿ ಬಗ್ಗಿ ಏನೋ ಮಾಡುತ್ತಿದ್ದದ್ದು ಗಾಜಿನಿಂದ ಕಾಣುತ್ತಿತ್ತು. ಮಗು ಕಾಣುತ್ತಿರಲಿಲ್ಲ.

"ಎಂತಾಯ್ತು ಅಣ್ಣ ಅಲ್ಲಿ?" ಎಂದು ವಸಂತಿ ಕೇಳಿದರು. ಅವರು ಆಡಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ದೇಜಪ್ಪನವರ ಒಂದು ಕೈ ಸ್ಟೇರಿಂಗಿನ ಮೇಲೆ, ಒಂದು ಕೈ ಗೇರಿನ ಮೇಲೆ, ಕಣ್ಣು ಕೆಂಪು ದೀಪದ ಮೇಲೆ.

"ಅಣ್ಣ, ಮಗುವಿಗೆ ಎಂತದ್ದೋ ಆಗಿದೆ. ಇಳಿದು ನೋಡು."

"ದೀಪ ಉರೀತಾ ಉಂಟು," ಅಂದರು ದೇಜಪ್ಪ.

"ಎಂತ ದೀಪ?"

"ಉರೀತಾ ಉಂಟಲ್ಲ."

ಆ ದನಿ ಕೇಳಿ ನನ್ನ ಕೈ ಬಾಗಿಲಿನ ಹಿಡಿಯ ಮೇಲೇ ನಿಂತುಬಿಟ್ಟಿತು. ವಸಂತಿ ಅಣ್ಣನ ಮುಖವನ್ನು ಮುಂದಿನ ಕನ್ನಡಿಯಲ್ಲಿ ನೋಡಿದರು. ಆಮೇಲೆ ತಾವೇ ಇಳಿದು ಹೋದರು. ಸೀರೆ ಎತ್ತಿ ಹಿಡಿದು, ವಯಸ್ಸಾದವರ ನಡಿಗೆಯಲ್ಲಿ ಹೋದರೂ ಒಂದು ನಿಮಿಷ ಹಿಡಿಯಲಿಲ್ಲ. ಕಿಟಕಿಯಲ್ಲಿ ಬಗ್ಗಿದರು, ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದರು. ಅದು ಜೋರಾಗಿ ಅತ್ತಿತು. ಹಾಲು ನೆತ್ತಿಗೆ ಹತ್ತಿತ್ತಷ್ಟೆ. ಮಗುವನ್ನು ಮಗಳ ಕೈಗೆ ಕೊಟ್ಟು ವಾಪಸು ತಿರುಗಿದರು.

ಬರುವಾಗ ನಡುವೆ ಒಮ್ಮೆ ನಿಂತರು. ಹಿಂದೆ ತಿರುಗಿ ಅಳಿಯನ ಕಾರು ನೋಡಿದರು, ಮುಂದೆ ನಮ್ಮ ಕಾರು ನೋಡಿದರು. ಬಂದು ಅಣ್ಣನ ಕಿಟಕಿಯ ಹತ್ತಿರ ನಿಂತರು. ದೇಜಪ್ಪ ಗಾಜು ಇಳಿಸಿದರು.

"ಅಣ್ಣ, ಅವತ್ತೂ ಹೀಗೇ ಕೂತಿದ್ದೆಯಾ?"

"ಹೂಂ."

"ಅವರು ಇದ್ದದ್ದು ಇಷ್ಟೇ ದೂರವಾ?"

"ಇಷ್ಟೇ."

ನಾನು ಅವರು ಅಳುತ್ತಾರೆ, ಬೈಯುತ್ತಾರೆ, ಅಣ್ಣನ ಕೊರಳಪಟ್ಟಿ ಹಿಡಿಯುತ್ತಾರೆ ಎಂದುಕೊಂಡೆ. ಹಿಡಿಯಲಿ ಎಂದೂ ಅನ್ನಿಸಿತು. ವಸಂತಿ ಹಿಂದಿನ ಬಾಗಿಲು ತೆರೆದು ಸೀಟಿನ ಮೇಲಿದ್ದ ಕೈಚೀಲ ತೆಗೆದುಕೊಂಡರು. ಬಾಗಿಲನ್ನು ಸದ್ದಾಗದ ಹಾಗೆ ಹಾಕಿದರು. ಮತ್ತೆ ಅದೇ ಜಾಗವನ್ನು ನಡೆದು ದಾಟಿ, ಅಳಿಯನ ಕಾರಿನಲ್ಲಿ ಪೆಟ್ಟಿಗೆಗಳ ನಡುವೆ ಸರಿದು ಮಗಳ ಪಕ್ಕ ಕೂತರು.

ಮುಂದಿನ ಕೆಂಪು ಆರಿತು. ದೇಜಪ್ಪ ಗೇರು ಹಾಕಿದರು. ವಿಮಾನ ನಿಲ್ದಾಣದವರೆಗೂ ಆ ಕಾರಿನ ಹಿಂದಿನ ಗಾಜಿನಲ್ಲಿ ತಂಗಿಯ ತಲೆ ಕಾಣುತ್ತಿತ್ತು. ಅದು ಒಮ್ಮೆಯೂ ಇತ್ತ ತಿರುಗಲಿಲ್ಲ. ನಾವು ಒಂದು ಬಸ್ಸಿನಷ್ಟು ಜಾಗ ಬಿಟ್ಟು ಹಿಂದೆ ಹೋದೆವು.